ಅಂಗಿಯೊಳಗಿನ ಚೀಲ

ಎನೆಬಾಜ್ ದ್ವೀಪಕ್ಕೆ ತಡೆಗೋಡೆ ಇರಲಿಲ್ಲ.

ಗೋಡೆ ಏಳುತ್ತಿದ್ದದ್ದು ಎದುರಿನ ದ್ವೀಪದಲ್ಲಿ, ಪರದೇಶದ ದಂಡು ಬೀಡುಬಿಟ್ಟ ಕಡೆ. ಕಟ್ಟುತ್ತಿದ್ದವರು ಎನೆಬಾಜಿನವರೇ. ಬೆಳಿಗ್ಗೆ ದೋಣಿಯಲ್ಲಿ ಹೋಗಿ ದಪ್ಪ ಚೀಲಗಳಿಗೆ ಮರಳು ತುಂಬಿ, ಬಾಯಿ ಹೊಲಿದು, ರೇಡಾರಿನ ಸುತ್ತ ಪೇರಿಸಬೇಕು. ಕತ್ತಲಾಗುವ ಮುಂಚೆ ಅಲ್ಲಿಂದ ತೊಲಗಬೇಕು.

ಸಮುದ್ರ ಏರುತ್ತಿದೆ, ಏನೇ ಆದರೂ ರೇಡಾರ್ ಕಣ್ಣು ಮುಚ್ಚಬಾರದು ಎಂದು ದಂಡಿನ ಸಾಹೇಬ ಮೊದಲ ದಿನವೇ ಹೇಳಿದ್ದ. ಕಳೆದ ಹುಣ್ಣಿಮೆಯಲ್ಲಿ ಅಲೆ ನಮ್ಮ ಬಾವಿಕಟ್ಟೆ ಮುಟ್ಟಿತು, ಊರಿಗೆಲ್ಲ ಅದೊಂದೇ ಸಿಹಿನೀರು, ನಮಗೂ ಒಂದಷ್ಟು ಚೀಲ ಕೊಡಿ ಎಂದು ಚೀಲ ಹೊಲಿಯುತ್ತಿದ್ದ ಲಿಜೋನಿ ಕೇಳಿದಳು. ಅವನು ನಕ್ಷೆ ಬಿಡಿಸಿ ತೋರಿಸಿದ. ಎನೆಬಾಜ್ ಇರಬೇಕಾದ ಜಾಗಕ್ಕೆ ಆಗಲೇ ಸಮುದ್ರದ ನೀಲಿ ಬಳಿದಿದ್ದರು.

ಆ ಸಂಜೆ ದೋಣಿಕಟ್ಟೆಯ ಬಾಗಿಲಲ್ಲಿ ಕಾವಲಿನವನು ಲಾಠಿಯ ತುದಿಯಿಂದ ಲಿಜೋನಿಯ ದೊಗಲೆ ಅಂಗಿಯ ಅಂಚು ಎತ್ತಿದ. ಸೊಂಟಕ್ಕೆ ಸುತ್ತಿದ್ದ ಖಾಲಿ ಚೀಲ ಕಂಡಿತು.

“ಏನೇ ಇದು, ಕಳ್ಳಮುಂಡೆ? ದಂಡಿನ ಮಾಲು ಹೊಟ್ಟೆಗ್ ಕಟ್ಕೊಂಡು ಬಸುರಿ ಥರ ನಡೀತೀಯಾ? ಬಿಚ್ಚು.”

ಮೇಸ್ತ್ರಿ ಕಿಯೋಟಕ್ ಅವಳದೇ ಊರಿನವನು. “ತಪ್ಪಾಯ್ತು ಅಂದ್ಬಿಡಕ್ಕ,” ಎಂದು ಅವಳ ಕಿವಿಯಲ್ಲಿ ಗೊಣಗಿದ. “ಕಾಲಿಗ್ ಬೀಳು. ನನ್ ಅನ್ನಾನೂ ಕಳೀಬ್ಯಾಡ.”

ಲಿಜೋನಿ ಅಂಗಿ ಕಳಚಿ ಒಳಲಂಗದಲ್ಲಿ ಎಲ್ಲರೆದುರು ನಿಂತಳು. ಚೀಲ ಒಂದಲ್ಲ, ಮೂರಿದ್ದವು. ಅವನ ಬೂಟಿನ ಮೇಲೆ ಹಾಕಿದಳು.

“ಬಸುರಿ ಅಂದ್ಯಲ್ಲಪ್ಪ, ತಗೋ, ಮೂರು ಹೆತ್ತಿವ್ನಿ. ಎಲ್ಲಾ ನಿನ್ನಂಗೇ ಅವೆ, ಒಳಗೇನೂ ಇಲ್ಲ.”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹಿಂದಿದ್ದ ಮುದುಕಿ ನೇರಿಕ್ ತನ್ನ ಅಂಗಿಯೊಳಗಿಂದ ಎರಡು ಎಳೆದಳು. “ನಂಗೂ ನೋವು ಬಂತು ಕಣ್ಲಾ.” ಅವಳ ಹಿಂದಿನವನು ಚಡ್ಡಿಗೆ ಕೈ ಹಾಕಿದ. ಯಾರೂ ಯಾರಿಗೂ ಹೇಳಿರಲಿಲ್ಲ. ಕೊನೆಗೆ ಕಿಯೋಟಕ್ ತಲೆ ತಗ್ಗಿಸಿ ಅಂಗಿಯ ಗುಂಡಿ ಬಿಚ್ಚಿದ.

ಲಿಜೋನಿ ತನ್ನ ಮೂರನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ದೋಣಿಯತ್ತ ನಡೆದಳು. ಉಳಿದವರೂ ತಮ್ಮ ತಮ್ಮ ಚೀಲ ಹೊತ್ತು ನಡೆದರು. ಕಾವಲಿನವನು ಸೀಟಿ ಊದುತ್ತಲೇ ಇದ್ದ.

ಮರುದಿನ ಕೆಲಸದ ದೋಣಿ ಬರಲಿಲ್ಲ. ಆಮೇಲೂ ಬರಲಿಲ್ಲ. ಊರವರು ತಾವು ತಂದ ಚೀಲಗಳಿಗೆಲ್ಲ ಮರಳು ತುಂಬಿ, ತೆಂಗಿನ ನಾರಿನಲ್ಲಿ ಬಾಯಿ ಹೊಲಿದು ಬಾವಿಯ ಸುತ್ತ ಪೇರಿಸಿದರು. ಮೊಣಕಾಲೆತ್ತರಕ್ಕೆ ಮುಗಿದವು. ಮುಂದಿನ ಹುಣ್ಣಿಮೆಯ ಅಲೆ ಸೊಂಟದೆತ್ತರ ಬಂತು.

ದಂಡಿನ ಗೋಡೆ ಅಲುಗಲಿಲ್ಲ. ಎನೆಬಾಜಿನಲ್ಲಿ ಹೋದದ್ದು ಮೂವತ್ತೆಂಟು ಚೀಲ, ಹಿರಿಯರ ಹನ್ನೊಂದು ಗೋರಿ, ನಾಲ್ಕು ಜೀಗುಜ್ಜೆ ಮರ, ಒಂದು ಬಾವಿ.