ಕುರುಡು ಕುದುರೆಗೆ ಚಪ್ಪಾಳೆ

ಚಪ್ಪಾಳೆಯೇ ಇದು, ಹೌದು, ಮೊದಲು ಮೇಲಿನ ಬಾಲ್ಕನಿಯಿಂದ, ಆಮೇಲೆ ಎಲ್ಲ ಕಡೆಯಿಂದ, ಬೆವರು ಕಣ್ಣಿಗಿಳಿದು ಉರಿ, ಕಣ್ಣಿಗೆ ಕಟ್ಟಿದ್ದ ತೆಳು ಬಟ್ಟೆಯನ್ನು ಅಗ್ನಿಯಾ ಹಣೆಯ ಮೇಲಕ್ಕೆ ಸರಿಸಿದಳು — ನಾಟಕ ಮುಗಿಯಿತು, ಅವಳಾಡಿದ ಕುದುರೆ ಸತ್ತಿತು, ಪೆರ್ಮ್ ಊರಿನ ಜನ ಎದ್ದು ನಿಂತಿದ್ದಾರೆ. ಶಾಲೆಯಲ್ಲಿ ಎಲ್ಲರೂ ಓದಿ ಅತ್ತ ಹಳೆಯ ಕಥೆ, ಉಪ್ಪುನೀರಿನ ಬಾವಿಯ ಸುತ್ತ ಸುತ್ತುತ್ತಾ ರಾಟೆ ಎಳೆದೆಳೆದು ಕುರುಡಾದ ಹೆಣ್ಣುಕುದುರೆ, ಅದನ್ನು ಒಂದು ಮಾತಿಲ್ಲದೆ ಬರೀ ಮೈಯಲ್ಲಿ ಹೇಳುವುದಂತೆ, ಯಾರಿಂದಾದೀತು ಅಂದಿದ್ದರು, ಆಯಿತಲ್ಲ, ಅವಳಿಂದಲೇ ಆಯಿತು, ಆದರೆ ಬಾಗಿಲ ಹತ್ತಿರದ ಪೋಸ್ಟರಿನಲ್ಲಿ ರಂಗರೂಪ, ನಿರ್ದೇಶನ, ನೃತ್ಯ ಸಂಯೋಜನೆ, ಎಲ್ಲಕ್ಕೂ ಒಂದೇ ಹೆಸರು, ಗ್ಲೆಬ್ ಅರ್ಕಾದ್ಯೆವಿಚ್ ತರೂಸಿನ್. ನೃತ್ಯ ಸಂಯೋಜನೆಯಂತೆ! ಚಳಿಗಾಲವಿಡೀ ಹಳ್ಳಿಯ ಲಾಯದಲ್ಲಿ ಲದ್ದಿ ಬಾಚಿದವಳು ಯಾರು, ಕಣ್ಣಿಲ್ಲದ ಮುದಿ ಕುದುರೆ ಜೂಲ್ಕಾ ಗೊರಸಿನ ತುದಿಯಿಂದ ನೆಲ ಮುಟ್ಟಿ ನೋಡಿ ಆಮೇಲೆ ಭಾರ ಬಿಡುವುದನ್ನು, ದನಿ ಕೇಳಿದರೆ ಮುಖಕ್ಕಿಂತ ಮೊದಲು ಒಂದು ಕಿವಿ ತಿರುಗುವುದನ್ನು ನೋಡಿ, ಆ ಕಿವಿಯ ಚಲನೆಯನ್ನು ತನ್ನ ಹೆಗಲಿಗೆ ತಂದುಕೊಂಡವಳು ಯಾರು, ಅವನು ಒಮ್ಮೆ ಬಂದ, ಬೂಟಿಗೆ ಕೆಸರಾಯಿತೆಂದು ಗೊಣಗಿದ, ಫೋನಿನಲ್ಲಿ ಅವಳ ನಡಿಗೆಯ ವಿಡಿಯೋ ತುಂಬಿಕೊಂಡು ಹೋದ. ತನ್ನ ಹೆಸರೆಲ್ಲಿ ಎಂದು ಅವಳು ಕೇಳಿದ್ದಕ್ಕೆ ಅವನು ಚಹಾ ಕಲಕುತ್ತಾ ಅಂದ, ಪೋಸ್ಟರ್ ಯಾರು ಓದ್ತಾರೆ ಅಗ್ನೂಶಾ, ಜನ ನೋಡೋದು ಕುದುರೇನ, ಕುದುರೆ ನೀನೇ ತಾನೆ. ಕೆಲಸ ಆಗಬೇಕಾದಾಗ ಮಾತ್ರ ಈ ಮುದ್ದಿನ ಅಗ್ನೂಶಾ. ಅವತ್ತು ಅವಳು ನಕ್ಕು ಹೊರಗೆ ಬಂದಿದ್ದಳು, ನಕ್ಕದ್ದಕ್ಕೆ ಈಗಲೂ ತನ್ನ ಮೇಲೇ ಸಿಟ್ಟು.

ಮೊದಲ ಪ್ರದರ್ಶನದ ದಿನ ನಿರ್ದೇಶಕ ತಾನಾಗಿ ರಂಗಕ್ಕೆ ಬರುವಂತಿಲ್ಲ, ಮುಖ್ಯ ಪಾತ್ರದವರು ಹೋಗಿ ಕೈ ಹಿಡಿದು ಕರೆತರಬೇಕು, ಅವನು ಬೇಡ ಬೇಡ ಅನ್ನುತ್ತಲೇ ಬರಬೇಕು, ಕರೆಯದೆ ಬಂದರೆ ಊರೆಲ್ಲ ನಗುತ್ತದೆ — ಅಗೋ, ಪಕ್ಕದ ಪರದೆಯ ಮರೆಯಲ್ಲಿ ಮಖಮಲ್ಲಿನ ಕೋಟು, ಬಾಚಿದ ಗಡ್ಡ, ಬೇಡ ಬೇಡ ಅನ್ನುವ ಮುಖ ಈಗಲೇ ತಯಾರು, ಕೈ ಆಗಲೇ ಮುಂದಕ್ಕೆ. ಚಪ್ಪಾಳೆ ತಾಳ ಹಿಡಿದಿದೆ. ಚಾಟಿಯವನ ಪಾತ್ರದ ಸವೇಲಿ ಬಗ್ಗಿ ನಮಸ್ಕರಿಸುತ್ತಲೇ ಪಿಸುಗುಟ್ಟಿದ, ಹೋಗಿ ಕರ್ಕೊಂಡು ಬಾ ತಾಯಿ, ಕಾಯ್ತಾ ಇದಾರೆ. ಕಾಯ್ಲಿ. ಹುಚ್ಚಾ ನಿಂಗೆ, ನಾಳೆ ನಿನ್ನ ತೆಗೆದು ಹಾಕ್ತಾರೆ. ತೆಗೀಲಿ — ತೆಗೆಯುತ್ತಾನೆ, ಗೊತ್ತು, ಮಾಸ್ಕೋದ ಪ್ರದರ್ಶನಕ್ಕೆ ಬೇರೆ ಹುಡುಗಿ ಹೋಗುತ್ತಾಳೆ, ಅವನ ಫೋನು ನೋಡಿ ಕಲಿಯುತ್ತಾಳೆ, ಆ ಕಿವಿ ಅವಳಿಗೆ ಬರುವುದಿಲ್ಲ, ಕುದುರೆಯನ್ನೇ ಬಿಟ್ಟುಕೊಡಬೇಕಾಗುತ್ತದೆ, ಆಗಲಿ, ಇವತ್ತು ಅವನ ಮುಖಕ್ಕೆ ಮಸಿ ಬಳಿಯದೆ ಬಿಡುವವಳಲ್ಲ. ಪರದೆಯತ್ತ ನಡೆದಳು, ಅವನ ಬೆರಳುಗಳು ಅರಳಿದವು, ಆಗ ಬಟ್ಟೆಯನ್ನು ಹಣೆಯಿಂದ ಮತ್ತೆ ಕಣ್ಣಿಗೆ ಇಳಿಸಿಕೊಂಡಳು, ಗೊರಸಿನ ತುದಿ, ಆಮೇಲೆ ಭಾರ, ಜನ ಚಪ್ಪಾಳೆ ನಿಲ್ಲಿಸಿದರು, ಕುದುರೆ ಎದ್ದಿದೆ. ತೆಳು ಬಟ್ಟೆಯಾಚೆ ಎಲ್ಲ ಕಾಣುತ್ತದೆ, ಕೈ ಇನ್ನೂ ಮುಂದೆ ಬಂತು, ಬೆಳಕಿಗೇ ಬಂತು, ಉಂಗುರ ಹೊಳೆಯಿತು, ಅಗ್ನೂಶಾ, ಏಯ್, ಇಲ್ಲಿ, ಇಲ್ಲಿ — ಹೆಗಲಿನ ಕಿವಿ ಆ ಕಡೆ ತಿರುಗಿತು, ಅವಳು ತಿರುಗಲಿಲ್ಲ, ಅವನ ಬೆರಳ ತುದಿಯ ಪಕ್ಕದಲ್ಲೇ ಹಾದು ಬಾವಿಯ ಸುತ್ತು ಹೊರಟಳು. ಯಾರೋ ಕಿಸಕ್ಕನೆ ನಕ್ಕರು, ನಗು ಸಾಲಿನಿಂದ ಸಾಲಿಗೆ ಹರಿಯಿತು, ಈಗ ಬಂದರೆ ಕರೆಯದೆ ಬಂದವನು, ಕೈ ಹಿಂದಕ್ಕೆಳೆದರೆ ಎಲ್ಲರೂ ನೋಡಿಯಾಗಿದೆ, ಎಳೆದುಕೋ ಗ್ಲೆಬ್ ಅರ್ಕಾದ್ಯೆವಿಚ್, ಎಳೆದುಕೋ ನೋಡೋಣ, ಇನ್ನೊಂದು ಸುತ್ತು, ಮತ್ತೆ ಆ ಕೈ, ಇನ್ನೊಂದು, ಮತ್ತೆ ಆ ಕೈ, ಬೆಳಕಿನಲ್ಲಿ ಬರೀ ಕೈ, ಮೈಯಿಲ್ಲ, ಹೆಸರಿಲ್ಲ, ಕುದುರೆಗೆ ಸಕ್ಕರೆ ಹಿಡಿದ ಹಾಗೆ ಚಾಚಿದ, ಸಕ್ಕರೆಯಿಲ್ಲದ, ಆ ಖಾಲಿ ಅಂಗೈ