ಬೇರು ಸಿಗದ ಗಂಟು

"ಬಾಯಿ ಮುಚ್ಚಿ ಸರ್, ಮುಗೀತು," ಅಂದರು ಡಾಕ್ಟರ್ ಲೋ.

ಚುವಾಂಗ್ ಮುಚ್ಚಿದ. ಎರಡು ತಿಂಗಳಿಂದ ಕಂಡಕಂಡವರಿಗೆಲ್ಲ ಬಾಯಿ ತೆರೆದು ತೋರಿಸಿ ಅವನಿಗೆ ನಾಚಿಕೆಯೇ ಸತ್ತುಹೋಗಿತ್ತು. ಗಡ್ಡ ಹೆರೆಯುವಾಗ ಕತ್ತಿನ ಎಡಗಡೆ ಕೈಗೆ ಸಿಕ್ಕ ಗಂಟು. ಸೂಜಿ ಚುಚ್ಚಿ ನೋಡಿದರೆ ಕ್ಯಾನ್ಸರ್. ಆದರೆ ಅದು ಅಲ್ಲಿ ಹುಟ್ಟಿದ್ದಲ್ಲವಂತೆ, ಬೇರೆಲ್ಲಿಂದಲೋ ಬಂದು ಕೂತದ್ದಂತೆ. ಎಲ್ಲಿಂದ? ಮೂಗಿನ ಹಿಂದೆ ಹುಡುಕಿದರು. ನಾಲಿಗೆಯ ಬುಡ ಚಿವುಟಿ ನೋಡಿದರು. ಟಾನ್ಸಿಲ್ ಎರಡನ್ನೂ ಕಿತ್ತು ನೋಡಿದರು.

"ಮೂಲ ಸಿಗಲಿಲ್ಲ."

"ಇನ್ನೂ ಹುಡುಕ್ತೀರಾ?"

"ಸಾಕು. ಕೆಲವರಲ್ಲಿ ಸಿಗೋದೇ ಇಲ್ಲ. ತೀರಾ ಸಣ್ಣದಿರಬಹುದು, ದೇಹವೇ ಅಳಿಸಿ ಹಾಕಿರಬಹುದು. ಬೇರೆಲ್ಲೂ ಹರಡಿಲ್ಲ, ಅದು ಮುಖ್ಯ. ಮಂಗಳವಾರ ಕತ್ತಿನ ಗಂಟು ತೆಗೀತೀವಿ. ಆಮೇಲೆ ವಿಕಿರಣ. ಎಲ್ಲಿ ಅಂತ ಗೊತ್ತಿಲ್ವಲ್ಲ, ಗಂಟಲಿಗೆಲ್ಲ ಕೊಡಬೇಕಾಗುತ್ತೆ. ಬಾಯಿ ಒಣಗುತ್ತೆ, ರುಚಿ ಕೆಡುತ್ತೆ. ಆದ್ರೆ ಇಂಥವರಲ್ಲಿ ಬಹಳ ಜನ ಗುಣ ಆಗ್ತಾರೆ."

"ಮೂಲ ಗೊತ್ತಿಲ್ದೇನೇ?"

"ಗೊತ್ತಿಲ್ದೇನೇ."

ಅಬ್ಬಾ ಅನ್ನಿಸಿತು. ಅನ್ನಿಸಿದ ಕೂಡಲೇ ಅನುಮಾನವೂ ಬಂತು. ತೈನಾನ್ ಊರಿನ ಕಾಲೇಜಿನಲ್ಲಿ ಇತಿಹಾಸ ಹೇಳುವವನು ಅವನು. ಆಧಾರ ಕೊಡದೆ ಬರೆದ ಹುಡುಗರಿಗೆಲ್ಲ ಸೊನ್ನೆ ಸುತ್ತಿದವನು. ಈಗ ತನ್ನ ಕತ್ತಿಗೇ ಆಧಾರವಿಲ್ಲ, ಅದಕ್ಕೆ ಖುಷಿಪಡುತ್ತಿದ್ದಾನೆ. ಥೂ, ಏನು ಜನ್ಮವೋ!

ಹೊರಗೆ ಸ್ಕೂಟರ್ ತೆಗೆಯುವಷ್ಟರಲ್ಲಿ ಅಮ್ಮನ ಫೋನು. ಅವಳಿಗೆ ಅವನು ಈಗಲೂ ಅ-ಹ್ವೆಯ್.

"ಏನಂತೋ ಅ-ಹ್ವೆಯ್?"

"ಬೇರು ಸಿಗಲಿಲ್ಲಮ್ಮ."

"ಮೈಯಲ್ಲಿ ಬೇರೆ ಕಡೆ?"

"ಎಲ್ಲೂ ಇಲ್ಲ. ಆದ್ರೆ ಮಂಗಳವಾರ..."

ಅಮ್ಮ ಆಗಲೇ ಫೋನ್ ಇಟ್ಟಿದ್ದಳು.

ಮನೆ ಮುಟ್ಟಿದರೆ ಹೊಸ್ತಿಲಲ್ಲಿ ಕೆಂಡದ ಕುಂಡ. ಹಿಂದೆ ಅಮ್ಮ, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ದಾಟಿ ಬಾ."

"ಅಮ್ಮಾ, ಇದು ಜೈಲಿಂದ ಬಂದವರಿಗೆ ಮಾಡೋದು."

"ನೀನೇನು ಕಮ್ಮಿ? ಎರಡು ತಿಂಗಳಿಂದ ಆ ಮುಖ ಹೊತ್ಕೊಂಡು ಓಡಾಡಿದ್ದೀಯ. ದಾಟೋ!"

ದಾಟಿದ. ಐವತ್ತೆರಡರ ಪ್ರೊಫೆಸರ್, ಪ್ಯಾಂಟು ಎತ್ತಿ ಹಿಡಿದು, ಎದುರುಮನೆಯವರು ನೋಡುತ್ತಿರಲು.

ಮೇಜಿನ ಮೇಲೆ ಹಂದಿಕಾಲಿನ ಸಾರು, ಅದರಲ್ಲಿ ಕೂದಲೆಳೆಯಂಥ ಶ್ಯಾವಿಗೆ. ಪೀಡೆ ಕಳೆದ ದಿನ ಮಾಡುವ ಅಡುಗೆ.

"ಇನ್ನೂ ಕಳೆದಿಲ್ಲಮ್ಮ."

"ಬೇರೇ ಇಲ್ಲ ಅಂದಮೇಲೆ ಮತ್ತೇನು? ಬೇರಿಲ್ಲದ ಕಳೆ ಎಷ್ಟು ದಿನ ಹಸಿರಾಗಿರುತ್ತೆ? ಅಷ್ಟೆಲ್ಲ ಓದಿ ಇಷ್ಟೂ ತಿಳಿಯಲ್ವಾ ನಿಂಗೆ?"

ಬೇರು ಇಲ್ಲ ಅಂತಲ್ಲ, ಸಿಗಲಿಲ್ಲ ಅಂತ. ಎರಡಕ್ಕೂ ಇರುವ ವ್ಯತ್ಯಾಸವನ್ನೇ ಜೀವಮಾನವಿಡೀ ಪಾಠ ಮಾಡಿದವನು ಅವನು. ಹೇಳಬೇಕು. ಮಂಗಳವಾರದ್ದೂ ಹೇಳಬೇಕು. ಆದರೆ ಅಮ್ಮ ಕಿವಿಗೆ ಹಬ್ಬದ ಓಲೆ ಹಾಕಿಕೊಂಡಿದ್ದಳು, ಏನೋ ಗುನುಗುತ್ತಿದ್ದಳು. ಇಷ್ಟು ದಿನ ಗೋಡೆಯಾಚೆ ಅವಳ ಅಳು ಕೇಳಿಸಿಕೊಂಡು ಸುಮ್ಮನೆ ಮಲಗಿದ್ದವನಿಗೆ ಅದನ್ನು ನೋಡಿ ನಿಜವಾಗಿಯೂ ಸಂತೋಷವಾಯಿತು. ನಾಳೆ ಹೇಳಿದರಾಯಿತು ಅಂದುಕೊಂಡ.

"ತಿನ್ನು. ಕಚ್ಚಬೇಡ ಮತ್ತೆ! ಕಚ್ಚಿದ್ರೆ ಆಯುಷ್ಯ ತುಂಡಾಗುತ್ತೆ. ಹಾಗೇ ಒಳಗೆಳಕೋ."

ಒಂದು ಎಳೆ ಬಾಯಿಗಿಟ್ಟು ಎಳೆದ. ಟಾನ್ಸಿಲ್ ಕಿತ್ತ ಜಾಗದಲ್ಲಿ ಉರಿ. ಎಳೆ ಬರುತ್ತಲೇ ಇತ್ತು.

"ಹೇಗಿದೆ?"

ಚೆನ್ನಾಗಿದೆ ಅಂತ ಹುಬ್ಬು ಕುಣಿಸಿದ. ಚೆನ್ನಾಗಿಯೇ ಇತ್ತು. ಒಂದು ತುದಿ ಆಗಲೇ ಗಂಟಲಿಳಿದಿತ್ತು. ಇನ್ನೊಂದು ಬಟ್ಟಲಿನ ಕಂದು ಸಾರಿನಲ್ಲಿ, ಕೊಬ್ಬಿನ ಅಡಿ, ಎಲ್ಲೋ. ಬಗ್ಗಿ ನೋಡಿದ. ಕಾಣಲಿಲ್ಲ.

"ನೋಡ್ತಾ ಕೂರಬೇಡ, ಎಳಿ," ಅಂದಳು ಅಮ್ಮ ನಗುತ್ತ.

ಉಸಿರು ಕಟ್ಟಿತು. ಕಣ್ಣಲ್ಲಿ ನೀರು ತುಂಬಿತು. ಕಚ್ಚುವಂತಿಲ್ಲ, ಉಗುಳುವಂತಿಲ್ಲ. ಅವನು ಎಳೆಯುತ್ತಲೇ ಕೂತಿದ್ದ.