ಹೆಣ್ಣು ತೊಟ್ಟಿಯ ಕೂಗು

ಆ ಜಾತಿಯ ಕಟ್ಟಕಡೆಯ ಹೆಣ್ಣುಕಪ್ಪೆ ಮೊಟ್ಟೆಯಿಟ್ಟು ಸತ್ತಿತ್ತು. ಗೊದಮೊಟ್ಟೆಗಳಲ್ಲಿ ಅರ್ಧದಷ್ಟು ಹೆಣ್ಣೆಂದು ವಂಶವಾಹಿ ಪರೀಕ್ಷೆ ಹೇಳಿದಾಗ ಸಂಶೋಧಕಿ ಸದ್ಯ ಬದುಕಿದೆವೆಂದುಕೊಂಡಳು. ಹೆಣ್ಣುಗಳನ್ನು ಬೇರೆ ತೊಟ್ಟಿಗೆ ಹಾಕಿ, ಚಳಿಗೆ ಒಂದೂ ಸಾಯಬಾರದೆಂದು ನೀರನ್ನು ತಾನೇ ಬೆಚ್ಚಗಿಟ್ಟಳು.

ಮರಿಗಳು ಬೆಳೆದ ಮೇಲೆ ಒಂದು ಬೆಳಿಗ್ಗೆ ತೊಟ್ಟಿ ತೊಳೆಯುವಾತ ಬಾಗಿಲಲ್ಲೇ ಎದುರಾದ. "ಅಕ್ಕಾ, ಕಿವಿ ಮುಚ್ಕೊಂಡು ಬನ್ನಿ! ಒಂದೂ ಬಿಡದೆ ಕಛೇರಿ ಶುರು ಹಚ್ಕೊಂಡಿವೆ."

"ಹೆಣ್ಣು ತೊಟ್ಟಿಯವೂನಾ?"

"ಅವೇ ಜೋರು, ಗಂಡನ್ನ ಬೈಯೋ ಹಾಗೆ!"

ಅವಳು ಹೆಣ್ಣು ತೊಟ್ಟಿಯ ಬಳಿಗೆ ಓಡಿದಳು. "ಅಣ್ಣಾ, ಇವುಗಳಲ್ಲಿ ಕೂಗೋದು ಗಂಡು ಮಾತ್ರ."

ವಂಶವಾಹಿ ಹೆಣ್ಣೆಂದರೂ ಬೆಚ್ಚನೆಯ ನೀರು ಅವುಗಳ ದೇಹವನ್ನು ಗಂಡಾಗಿಸಿಬಿಟ್ಟಿತ್ತು.

"ಹಾಗಾದ್ರೆ ಈಗ ತಣ್ಣೀರು ಸುರಿಯೋಣ್ವಾ?" ಎಂದು ಅವನು ಬಕೆಟ್ ಎತ್ತಿಕೊಂಡ.

"ಬೆಳೆದ ಮೇಲೆ ಬದಲಾಗಲ್ಲಣ್ಣ," ಎಂದು ಅವಳು ಕುಸಿದು ಕುಳಿತಳು.

ಎಲ್ಲೂ ಇಲ್ಲದ ಹೆಣ್ಣುಗಳನ್ನು ಕಪ್ಪೆಗಳು ಕರೆಯುತ್ತಲೇ ಇದ್ದವು.